ನಗು ಮರೆತ ಹುಡುಗ

ರಂಗದ ಮೇಲೆ ಐದು ವರ್ಷದ ಹುಡುಗನೊಬ್ಬ ಬಂದು ನಿಂತ. ತೋಳಲ್ಲಿ ಎರಡು ಗೊಂಬೆಗಳನ್ನು ಬಿಗಿಯಾಗಿ ಅವುಚಿಕೊಂಡಿದ್ದ. ಮಾತಾಡಿಸಿದರೆ ಮಾತಿಲ್ಲ. ಅಳುವೂ ಇಲ್ಲ, ನಗುವೂ ಇಲ್ಲ. ಗಿರೀಶ ಕಾರ್ನಾಡರ ‘ಹಯವದನ’ದ ಕೊನೆಯ ಭಾಗ ಅದು. ಆ ವೇಷ ಕಟ್ಟಿದವರಿಗೆ ಬಹಳ ಹೊತ್ತು ಸುಮ್ಮನೆ ನಿಲ್ಲುವುದೇ ಕೆಲಸ. ಆದರೂ ನೋಡುವವರ ಕಣ್ಣು ಆ ಗೊಂಬೆ ಹಿಡಿದ ಕೈಗಳನ್ನು ಬಿಟ್ಟು ಕದಲುತ್ತಿರಲಿಲ್ಲ. ಆ ಹುಡುಗ ರಂಗಕ್ಕೆ ಬಂದ ದಾರಿಯೇ ಒಂದು ಕತೆಯಾಗಿತ್ತು.

ಕತೆ ಶುರುವಾದದ್ದು ಶಿರಸಿಯಲ್ಲಿ. ಬಾಲಕ ಗಿರೀಶ ಅಪ್ಪ ಅಮ್ಮನ ಜೊತೆ ಕಂಪನಿ ನಾಟಕಕ್ಕೆ ಹೋಗುತ್ತಿದ್ದ. ಅಲ್ಲಿ ಪೆಟ್ರೋಮ್ಯಾಕ್ಸ್ ಬೆಳಕು, ಬಣ್ಣದ ಪರದೆ. ಸುಗ್ಗಿ ಮುಗಿದ ಮೇಲೆ ಮನೆಯ ಆಳುಗಳ ಜೊತೆ ಯಕ್ಷಗಾನಕ್ಕೆ ಹೋಗುತ್ತಿದ್ದ. ಅಲ್ಲಿ ಬಯಲು, ಪಂಜು, ಇಡೀ ರಾತ್ರಿಯ ಎಚ್ಚರ. ಮೀಸೆ ಮೂಡುವಷ್ಟರಲ್ಲಿ ಊರಿಗೆ ಕರೆಂಟು ಬಂತು, ಸಿನಿಮಾ ಬಂತು, ಕಂಪನಿಗಳು ಗಂಟುಮೂಟೆ ಕಟ್ಟಿದವು. ಮುಂದೆ ಮುಂಬೈಯಲ್ಲಿ ಇಬ್ರಾಹಿಂ ಅಲ್ಕಾಜಿ ಆಡಿಸಿದ ಸ್ಟ್ರಿಂಡ್‌ಬರ್ಗನ ‘ಮಿಸ್ ಜೂಲಿ’ ನೋಡಿ ತರುಣ ತತ್ತರಿಸಿಹೋದ. ದೀಪ ಫಕ್ಕನೆ ಆರದೆ ಮೆಲ್ಲಮೆಲ್ಲಗೆ ಮಂದವಾಗಬಲ್ಲದು ಎಂಬುದೇ ಅವನಿಗೆ ಹೊಸದಾಗಿತ್ತು. ಶಿರಸಿಯ ಪಂಜುಗಳು ಅಲ್ಲಿಗೆ ಹಿಂದೆ ಬಿದ್ದವು.

‘ಯಯಾತಿ’ ಬಂತು, 1964ರಲ್ಲಿ ‘ತುಘಲಕ್’ ಬಂತು. ಆಮೇಲೆ ಒಂದು ಕತೆ ಕಾರ್ನಾಡರ ಬೆನ್ನು ಹತ್ತಿತು. ಅದು ಬೇತಾಳನ ಕತೆ. ಅವರ ಕಣ್ಣಿಗೆ ಮೊದಲು ಬಿದ್ದದ್ದು ಜರ್ಮನಿಯ ಥಾಮಸ್ ಮನ್ ಅದನ್ನು ಮತ್ತೆ ಹೇಳಿದ ರೂಪದಲ್ಲಿ. ಗೆಳೆಯರಿಬ್ಬರು ಕಾಳಿಯ ಗುಡಿಯಲ್ಲಿ ತಲೆ ಕಡಿದುಕೊಳ್ಳುತ್ತಾರೆ, ಅವರಲ್ಲೊಬ್ಬನ ಹೆಂಡತಿ ಗಡಿಬಿಡಿಯಲ್ಲಿ ಇವನ ತಲೆ ಅವನಿಗೆ, ಅವನ ತಲೆ ಇವನಿಗೆ ಜೋಡಿಸುತ್ತಾಳೆ. ಓದಲು ಚೆಂದ. ಆಡಿ ತೋರಿಸುವುದು ಹೇಗೆ? ಕುರ್ಚಿ ಮೇಜು ಹಾಕಿದ ವಾಸ್ತವದ ರಂಗದಲ್ಲಿ ರುಂಡ ಅದಲುಬದಲಾದರೆ ಜನ ಗೊಳ್ಳೆಂದು ನಕ್ಕಾರು.

ಆಗ ಜೊತೆಗಿದ್ದವರು ಬಿ.ವಿ. ಕಾರಂತ. ಬಂಟವಾಳದ ಹತ್ತಿರದ ಮಂಚಿಯವರು. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಓಡಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದ್ದವರು. ವೀರಣ್ಣನವರೇ ಅವರನ್ನು ಓದಲು ಕಾಶಿಗೆ ಕಳಿಸಿದ್ದರು. ಇಬ್ಬರೂ ಕೂಡಿ ‘ವಂಶವೃಕ್ಷ’ ಚಿತ್ರ ನಿರ್ದೇಶಿಸಿದ್ದರು. ಕೂತಲ್ಲಿ ನಿಂತಲ್ಲಿ ನಾಟಕದ ಮಾತು. ಒಂದು ಸಲ ವಾದ ಕಾವೇರಿತು: ನಮ್ಮ ರಂಗದಲ್ಲಿ ಮುಖವಾಡಕ್ಕೆ ಏನರ್ಥ? ನಾಟಕಕ್ಕೂ ಹಾಡಿಗೂ ಏನು ನಂಟು? ಆ ಜಗ್ಗಾಟದ ನಡುವೆಯೇ ಕಾರ್ನಾಡರ ತಲೆಯೊಳಗೆ ‘ಹಯವದನ’ ಹೆಪ್ಪುಗಟ್ಟತೊಡಗಿತು.

ಎಲ್ಲೋ ಹುಡುಕುತ್ತಿದ್ದುದು ಪಂಜಿನ ಬೆಳಕಿನಲ್ಲೇ ಬಿದ್ದಿತ್ತು. ಗಣಪತಿ ಪೂಜೆ ಬಂತು, ಭಾಗವತ ಬಂದ, ಇಬ್ಬರು ಹಿಡಿಯುವ ಅರೆಪರದೆ ಬಂತು, ಆಕಳಿಸುವ ಕಾಳಿ ಬಂದಳು, ಗೊಂಬೆಗಳು ಮಾತಾಡಿದವು. ಪೇಟೆಯ ರಂಗ ಇದನ್ನು ಕಂಡು ಬೆರಗಾಯಿತು. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ದೊಡ್ಡಾಟದವರಿಗೆ ಮಾತ್ರ ಇದರಲ್ಲಿ ಬೆರಗೇನೂ ಇರಲಿಲ್ಲ. ಅವರ ಅಟ್ಟದ ಮೇಲೆ ಗಣಪತಿ ಸ್ತುತಿಯಾಗದೆ ಆಟ ಏಳುತ್ತಿರಲಿಲ್ಲ, ಸಾರಥಿ ಕೇಳದೆ ರಾಜನೂ ತಾನು ಯಾರೆಂದು ಹೇಳುತ್ತಿರಲಿಲ್ಲ.

1972ರಲ್ಲಿ ನಾಟಕಕ್ಕೆ ಕಮಲಾದೇವಿ ಪ್ರಶಸ್ತಿ ಬಂತು. ಕಾರಂತರು ಅದನ್ನು ಹಿಂದಿಯಲ್ಲೂ ಕನ್ನಡದಲ್ಲೂ ಆಡಿಸಿ, ಹಾಡುಗಳಿಗೆ ಜೀವ ತುಂಬಿದರು.

ಬಿಡಿಸಿದ ಮೇಲೆ ಒಗಟು ಬಲು ಸರಳವಾಗಿತ್ತು. ಮುಖವಾಡವೇ ತಲೆಯಾದರೆ ತಲೆ ಬದಲಿಸಲು ಒಂದು ಗಳಿಗೆ ಸಾಕು. ಆಟವೆಂದು ಒಪ್ಪಿ ಕೂತವರಿಗೆ ಮಕ್ಕಳ ಹಾಗೆ ನಂಬುವುದು ಕಷ್ಟವಲ್ಲ. ನಂಬಲು ಮರೆತಿದ್ದ ರಂಗಕ್ಕೂ ನಗಲು ಮರೆತಿದ್ದ ಹುಡುಗನಿಗೂ ಮದ್ದು ಒಂದೇ ಆಗಿತ್ತು. ಮೈಯೆಲ್ಲ ಕುದುರೆಯಾಗಿಯೂ ಮನುಷ್ಯನ ದನಿ ಕಳೆಯದೆ ಒದ್ದಾಡುತ್ತಿದ್ದ, ನಾಟಕಕ್ಕೆ ಹೆಸರು ಕೊಟ್ಟ ಹಯವದನ ಅವನೆದುರು ನಕ್ಕ. ಕುದುರೆ ನಗುವುದನ್ನು ಕಂಡು ಹುಡುಗ ಕಿಲಕಿಲನೆ ನಕ್ಕ, ಇನ್ನೊಮ್ಮೆ ನಗು ಎಂದು ಕಾಡಿದ. ಕುದುರೆ ನಕ್ಕಿತು, ನಕ್ಕಿತು; ನಗುನಗುತ್ತಲೇ ಅದರ ದನಿ ಕೆನೆತವಾಯಿತು.