ಕುಲುಮೆಯಲ್ಲಿ ಕಾಯಿಸಿ ನೋಡಿದರೆ ಸಾಲದೇ?

ಪ್ರಶ್ನೆ: ಅತಿವೇಗದ ವಾಹನಗಳ ಮೂತಿಗೆ ಬಳಸುವ ಸೆರಾಮಿಕ್ ಎಷ್ಟು ಶಾಖ ತಾಳುತ್ತದೆಂದು ಕುಲುಮೆಯಲ್ಲಿಟ್ಟು ನೋಡಿದರೆ ಸಾಲದೇ?

ಉತ್ತರ: ಸಾಲದು. ಬಾಹ್ಯಾಕಾಶದಿಂದ ಸೆಕೆಂಡಿಗೆ ಸುಮಾರು 7.5 ಕಿ.ಮೀ. ವೇಗದಲ್ಲಿ ಮರಳುವ ವಾಹನದ ಮುಂದೆ ಗಾಳಿ ಬರೀ ಕಾಯುವುದಿಲ್ಲ. ಅದರಲ್ಲಿನ ಆಮ್ಲಜನಕದ ಅಣುಗಳೇ ಒಡೆದು ಬಿಡಿ ಪರಮಾಣುಗಳಾಗುತ್ತವೆ. ಅವು ವಸ್ತುವಿನ ಮೇಲ್ಮೈಯೊಡನೆ ಬಲು ಚುರುಕಾಗಿ ವರ್ತಿಸುತ್ತವೆ. ಕುಲುಮೆಯಲ್ಲಿ ಈ ಸ್ಥಿತಿ ಸಿಗದು.

ಅದಕ್ಕೆಂದೇ ಪ್ಲಾಸ್ಮಾ ಗಾಳಿ ಸುರಂಗಗಳಿವೆ. ಇಟಲಿಯ ಕಾಪುವಾದಲ್ಲಿರುವ ‘ಶಿರೊಕ್ಕೊ’ದಲ್ಲಿ 70 ಮೆಗಾವಾಟ್‌ವರೆಗಿನ ವಿದ್ಯುತ್ ಚಾಪ ಗಾಳಿಯನ್ನು ಕಾಯಿಸುತ್ತದೆ. ನಳಿಕೆಯಿಂದ ನುಗ್ಗುವ ಆ ಗಾಳಿಗೆ ಮಾದರಿಯನ್ನು ಒಡ್ಡುತ್ತಾರೆ. ಇಂಥ ಪರೀಕ್ಷೆಗಳಲ್ಲಿ ತಾಪವನ್ನು ದೂರದಿಂದಲೇ ಪೈರೋಮೀಟರ್ ಅಳೆಯುತ್ತದೆ. ಮಾದರಿಯನ್ನು ಮೊದಲೂ ಆಮೇಲೂ ತೂಗುತ್ತಾರೆ.

ತೂಕವೇಕೆ? ಇಂಥ ಸೆರಾಮಿಕ್‌ಗಳಲ್ಲೊಂದಾದ ಸಿಲಿಕಾನ್ ಕಾರ್ಬೈಡ್ ಕಾದಾಗ ಮೈಮೇಲೆ ಸಿಲಿಕಾ ಪದರ ಕಟ್ಟಿಕೊಂಡು ತನ್ನನ್ನು ಕಾಯ್ದುಕೊಳ್ಳುತ್ತದೆ. ಆಮ್ಲಜನಕದ ಒತ್ತಡ ತೀರ ಕಡಿಮೆಯಿದ್ದು ತಾಪ ಮಿತಿ ಮೀರಿದರೆ ಪದರ ಕಟ್ಟುವುದಿಲ್ಲ. ಸಿಲಿಕಾನ್ ಮೊನಾಕ್ಸೈಡ್ ಅನಿಲ ಹಾರಿಹೋಗಿ ವಸ್ತು ಸವೆಯುತ್ತದೆ, ತೂಕ ಇಳಿಯುತ್ತದೆ. ಆ ಗಡಿಯನ್ನು ಪತ್ತೆಹಚ್ಚುವುದು ಪರೀಕ್ಷೆಯ ಮುಖ್ಯ ಉದ್ದೇಶಗಳಲ್ಲೊಂದು.

ಬರೀ ಸೆರಾಮಿಕ್ ಬಿರುಕು ಬಿಟ್ಟರೆ ಒಡೆದೇಹೋಗುತ್ತದೆ. ಅದಕ್ಕೇ ಗೋಡೆಯ ಮಣ್ಣಿಗೆ ಹುಲ್ಲು ಕಲಸಿದಂತೆ ಅದರೊಳಗೆ ಕಾರ್ಬನ್ ಎಳೆಗಳನ್ನು ಸೇರಿಸುತ್ತಾರೆ; ಅವು ಬಿರುಕನ್ನು ಹಿಡಿದಿಡುತ್ತವೆ. 2015ರ ಫೆಬ್ರವರಿಯಲ್ಲಿ ಹಾರಿ ಪೆಸಿಫಿಕ್ ಸಾಗರಕ್ಕಿಳಿದ ಯುರೋಪಿನ ಐಎಕ್ಸ್‌ವಿ ವಾಹನದ ಮೂತಿ ಇಂಥ ಸಂಯೋಜಿತ ವಸ್ತುವಿನದೇ. ಹಾರಾಟದಲ್ಲಿ ಎರಡನೇ ಅವಕಾಶವಿಲ್ಲ. ವಸ್ತು ಸೋಲುವುದಾದರೆ ನೆಲದ ಮೇಲೆಯೇ ಸೋಲಬೇಕು.