ಗೂಗಲ್‌ನಲ್ಲಿ ನಿಮ್ಮ ವೆಬ್‌ಸೈಟ್ ಯಾಕೆ ಕಾಣ್ತಿಲ್ಲ? ದುಡ್ಡು ಕೊಡೋ ಮೊದಲು ನೀವೇ ನೋಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಸೀರೆ ಅಂಗಡಿ, ಹೋಮ್‌ಸ್ಟೇ, ಟ್ಯೂಷನ್, ಮನೆಯಲ್ಲೇ ಮಾಡೋ ಉಪ್ಪಿನಕಾಯಿ ವ್ಯಾಪಾರ, ಯಾವುದಕ್ಕಾದ್ರೂ ಒಂದು ವೆಬ್‌ಸೈಟ್ ಮಾಡಿಸಿ ನೋಡಿ. ಸ್ವಲ್ಪ ದಿನದಲ್ಲೇ ಫೋನ್ ಬರೋಕೆ ಶುರುವಾಗುತ್ತೆ. "ಸರ್, ನಿಮ್ಮ ಸೈಟ್ ಗೂಗಲ್‌ನಲ್ಲಿ ಕಾಣ್ತಿಲ್ಲ. ತಿಂಗಳಿಗೆ ಇಷ್ಟು ಕೊಡಿ, ಮೊದಲ ಸ್ಥಾನ ಗ್ಯಾರಂಟಿ."

ಮೊದಲು ಆ ಗ್ಯಾರಂಟಿ ವಿಚಾರ ಮುಗಿಸಿಬಿಡೋಣ. ಮೊದಲ ಸ್ಥಾನದ ಭರವಸೆಯನ್ನ ಯಾರೂ ಕೊಡೋಕಾಗಲ್ಲ ಅಂತ ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಬರೆದಿದೆ. ಗೂಗಲ್‌ಗೆ ಜಾಹೀರಾತಿನ ದುಡ್ಡು ಕೊಟ್ರೂ ಸಾಮಾನ್ಯ ಫಲಿತಾಂಶದಲ್ಲಿ ನಿಮ್ಮ ಸ್ಥಾನ ಮೇಲೇರಲ್ಲ, ಎರಡೂ ಬೇರೆ ಬೇರೆ. ಹಾಗಂತ ಈ ಕೆಲಸ ಮಾಡೋರೆಲ್ಲ ಮೋಸಗಾರರು ಅಂತ ನಾನು ಹೇಳ್ತಿಲ್ಲ, ಒಳ್ಳೆ ಕೆಲಸಗಾರರೂ ಇದ್ದಾರೆ. ಆದ್ರೆ ಲೆಕ್ಕ ನಿಮ್ಮ ಕೈಯಲ್ಲಿ ಇಲ್ದಿದ್ರೆ ಇಬ್ಬರಲ್ಲಿ ಯಾರು ಯಾರು ಅಂತ ಗೊತ್ತಾಗೋದೇ ಇಲ್ಲ. ನಾನು ಓದಿದ್ದು ಬಿ.ಕಾಂ., ಹಾಗಾಗಿ ಲೆಕ್ಕದ ಪುಸ್ತಕದಿಂದಲೇ ಶುರು ಮಾಡ್ತೀನಿ.

ಲೆಕ್ಕದ ಪುಸ್ತಕ: ಸರ್ಚ್ ಕನ್ಸೋಲ್

ಗೂಗಲ್ ಸರ್ಚ್ ಕನ್ಸೋಲ್ ಪೂರ್ತಿ ಉಚಿತ. ಮೊದಲು ವೆಬ್‌ಮಾಸ್ಟರ್ ಟೂಲ್ಸ್ ಅಂತಿತ್ತು, 2015ರಲ್ಲಿ ಹೆಸರು ಬದಲಾಯ್ತು. ನಿಮ್ಮ ಜಿಮೇಲ್‌ನಿಂದ ಲಾಗಿನ್ ಆಗಿ, ಸೈಟ್ ವಿಳಾಸ ಕೊಟ್ಟು, ಅದು ನಿಮ್ಮದೇ ಅಂತ ಸಾಬೀತು ಮಾಡಬೇಕು. ಅದಕ್ಕೆ ಗೂಗಲ್ ಒಂದು ಕೋಡ್ ಕೊಡುತ್ತೆ. ಡೊಮೇನ್ ಕೊಂಡ ಕಡೆ ಸೆಟ್ಟಿಂಗ್ಸ್‌ನಲ್ಲಿ ಅದನ್ನ ಹಾಕಿದ್ರೆ ಮುಗೀತು. ಅಂಕಿ-ಅಂಶ ಕಾಣೋಕೆ ಕೆಲವು ದಿನ ಬೇಕು. ಆಮೇಲೆ 16 ತಿಂಗಳವರೆಗಿನ ಲೆಕ್ಕ ಅಲ್ಲೇ ಸಿಗುತ್ತೆ.

ಮೊದಲು ನೋಡಬೇಕಾದ್ದು "ಪೇಜಸ್" ಅನ್ನೋ ವರದಿ. ನಿಮ್ಮ ಯಾವ ಪುಟಗಳು ಗೂಗಲ್‌ನ ಪಟ್ಟಿಗೆ ಸೇರಿವೆ, ಯಾವುದು ಸೇರಿಲ್ಲ, ಯಾಕೆ ಸೇರಿಲ್ಲ ಅಂತ ಇಲ್ಲಿ ಬರೆದಿರುತ್ತೆ. ಪಟ್ಟಿಗೇ ಸೇರದ ಪುಟ ಎಷ್ಟು ಚೆನ್ನಾಗಿದ್ರೂ ಹುಡುಕಾಟದಲ್ಲಿ ಬರಲ್ಲ. ಕಾರಣ "ನೋಇಂಡೆಕ್ಸ್" ಅಂತ ಇದ್ರೆ, ಬರಬೇಡಿ ಅಂತ ನಿಮ್ಮ ಸೈಟೇ ಗೂಗಲ್‌ಗೆ ಹೇಳ್ತಿದೆ ಅಂತ ಅರ್ಥ. ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್, ರೀಡಿಂಗ್ ಅಂತ ಹೋದ್ರೆ ಸರ್ಚ್ ಎಂಜಿನ್‌ಗಳನ್ನ ದೂರ ಇಡೋ ಒಂದು ಟಿಕ್ ಬಾಕ್ಸ್ ಇದೆ. ಸೈಟ್ ಕಟ್ಟುವಾಗ ಅದನ್ನ ಆನ್ ಮಾಡಿ, ಮುಗಿದ ಮೇಲೆ ತೆಗೆಯೋದು ಮರೆಯೋದು ತುಂಬಾ ಸಾಮಾನ್ಯ. ಒಂದು ಟಿಕ್ ತೆಗೆಯೋ ಕೆಲಸಕ್ಕೆ ತಿಂಗಳ ಪ್ಯಾಕೇಜ್ ಬೇಕಾ, ನೀವೇ ಹೇಳಿ.

ನಾಲ್ಕು ಅಂಕಿ, ಒಂದು ಓದು

ಎರಡನೇದು "ಪರ್ಫಾರ್ಮೆನ್ಸ್" ವರದಿ. ಇಲ್ಲಿ ನಾಲ್ಕು ಅಂಕಿ ಇರುತ್ತೆ: ನಿಮ್ಮ ಲಿಂಕ್ ಎಷ್ಟು ಸಲ ಕಾಣಿಸ್ತು, ಎಷ್ಟು ಸಲ ಕ್ಲಿಕ್ ಆಯ್ತು, ಕ್ಲಿಕ್‌ನ ಶೇಕಡಾವಾರು ಎಷ್ಟು, ಸರಾಸರಿ ಸ್ಥಾನ ಎಷ್ಟು. ಕೆಳಗಡೆ, ಜನ ಟೈಪ್ ಮಾಡಿದ ಪದಗಳ ಪಟ್ಟಿ.

ಇಳಕಲ್ ಸೀರೆ ಮಾರೋ ಒಂದು ಅಂಗಡಿ ಅಂದ್ಕೊಳ್ಳಿ. "ಇಳಕಲ್ ಕಾಟನ್ ಸೀರೆ ಬೆಲೆ" ಅನ್ನೋ ಹುಡುಕಾಟಕ್ಕೆ 2,000 ಸಲ ಕಾಣಿಸಿದೆ, ಕ್ಲಿಕ್ ಆಗಿದ್ದು 20. ಅಂದ್ರೆ ಶೇ. 1. ಸರಾಸರಿ ಸ್ಥಾನ 4 ಇದ್ದೂ ಹೀಗಾಗಿದ್ರೆ ಮೊದಲು ಶೀರ್ಷಿಕೆ ನೋಡಿ. ಹುಡುಕಿದವರಿಗೆ ಅಲ್ಲಿ ಬರೀ "ಹೋಮ್" ಅಂತಲೋ ಅಂಗಡಿ ಹೆಸರು ಮಾತ್ರವೋ ಕಾಣ್ತಿರಬಹುದು. ಶೀರ್ಷಿಕೆಯಲ್ಲಿ ಸೀರೆಯ ಬಗೆ, ಊರು ಹಾಕಿ. ಪುಟದಲ್ಲಿ ಬೆಲೆ ಬರೆಯಿರಿ. ಸ್ಥಾನ 15 ಇದ್ರೆ ಕಥೆ ಬೇರೆ. ಆಗ ಪುಟದಲ್ಲೇ ಸರಕು ಕಮ್ಮಿ ಇರಬಹುದು. ಟೋಪ್ ತೆನಿ ಸೆರಗು ಅಂದ್ರೇನು, ಒಡಲಿಗೆ ಅದನ್ನ ಹೇಗೆ ಜೋಡಿಸ್ತಾರೆ, ಕಸೂತಿ ಇರೋದಕ್ಕೂ ಇಲ್ಲದ್ದಕ್ಕೂ ಬೆಲೆ ಎಷ್ಟು ವ್ಯತ್ಯಾಸ, ಒಗೆಯೋದು ಹೇಗೆ ಅಂತ ಬರೆಯಿರಿ. ಅಂಗಡಿಗೆ ಬಂದ ಗಿರಾಕಿ ಕೇಳೋ ಪ್ರಶ್ನೆಗಳೇ ಇವು, ಉತ್ತರ ನಿಮಗೆ ಬಾಯಿಪಾಠ ಇರುತ್ತೆ.

ಒಂದು ಎಚ್ಚರಿಕೆ. ತೀರಾ ಅಪರೂಪದ ಹುಡುಕಾಟಗಳನ್ನ ಖಾಸಗಿತನಕ್ಕಾಗಿ ಗೂಗಲ್ ತೋರಿಸಲ್ಲ. ಹಾಗಾಗಿ ಪಟ್ಟಿಯ ಮೊತ್ತಕ್ಕೂ ಮೇಲಿನ ಒಟ್ಟು ಅಂಕಿಗೂ ಟ್ಯಾಲಿ ಆಗಲ್ಲ. ಗಾಬರಿ ಬೇಡ. ಮತ್ತೆ, "ನನ್ನ ಫೋನಲ್ಲಿ ನಮ್ದೇ ಮೊದಲು ಬರುತ್ತಲ್ಲ" ಅನ್ನೋದನ್ನ ನಂಬಬೇಡಿ. ನೀವಿರೋ ಜಾಗ, ಹಿಂದೆ ಹುಡುಕಿದ್ದು ಎಲ್ಲಾ ಸೇರಿ ಫಲಿತಾಂಶ ಬದಲಾಗುತ್ತೆ.

ಕನ್ನಡ ಸೈಟ್‌ಗಳ ಎರಡು ವಿಶೇಷ ತೊಂದರೆ

ಮೊದಲನೇದು ಹಳೇ ಫಾಂಟ್. ನುಡಿ, ಬರಹದ ಹಳೇ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಬರಹ ನಮ್ಮ ಕಣ್ಣಿಗೆ ಮಾತ್ರ ಕನ್ನಡ. ಕಂಪ್ಯೂಟರ್ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಸರ್ಚ್ ಎಂಜಿನ್ ಅದರಲ್ಲಿ "ಸೀರೆ" ಅನ್ನೋ ಪದವನ್ನ ಹುಡುಕಿ ತೆಗೆಯೋದು ಹೇಗೆ? ಪರೀಕ್ಷೆ ಸುಲಭ: ಸೈಟ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಪೇಸ್ಟ್ ಮಾಡಿ. ಕನ್ನಡವಾಗೇ ಬಂದ್ರೆ ಅದು ಯೂನಿಕೋಡ್, ಸರಿ ಇದೆ. ವಿಚಿತ್ರ ಅಕ್ಷರ ಬಂದ್ರೆ ಬದಲಾಯಿಸಬೇಕು. ಉಚಿತ ಪರಿವರ್ತಕಗಳು ಸಿಗುತ್ತವೆ, ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನ ಒಮ್ಮೆ ಓದಿ ಸರಿಮಾಡಿ. ಕಾಪಿಯೇ ಆಗ್ಲಿಲ್ಲ ಅಂದ್ರೆ ಬರಹವೆಲ್ಲ ಪೋಸ್ಟರ್ ಚಿತ್ರದೊಳಗೆ ಇರಬಹುದು. ಬೆಲೆ, ವಿಳಾಸ, ಸಮಯ ಇವನ್ನ ಅಕ್ಷರದಲ್ಲೂ ಬರೆಯಿರಿ.

ಎರಡನೇದು ಕಾಗುಣಿತ. ಜನ ಇಳಕಲ್, ಇಲಕಲ್, ಇಲ್ಕಲ್ ಅಂತೆಲ್ಲ ಬರೀತಾರೆ, ಎಷ್ಟೋ ಜನ ಇಂಗ್ಲಿಷ್ ಅಕ್ಷರದಲ್ಲೇ ಹುಡುಕ್ತಾರೆ. ಗೂಗಲ್ ಟ್ರೆಂಡ್ಸ್‌ನಲ್ಲಿ ಈ ರೂಪಗಳನ್ನ ಪಕ್ಕಪಕ್ಕ ಇಟ್ಟು, ಕರ್ನಾಟಕ ಅಂತ ಆರಿಸಿ ನೋಡಿ. ಅದು ತೋರಿಸೋದು 0ಯಿಂದ 100ರೊಳಗಿನ ಹೋಲಿಕೆ, ಹುಡುಕಿದವರ ಎಣಿಕೆ ಅಂತ ತಿಳ್ಕೋಬೇಡಿ. ಹೆಚ್ಚು ಬಳಕೆಯ ರೂಪವನ್ನ ಶೀರ್ಷಿಕೆಗೆ ಹಾಕಿ, ಇಂಗ್ಲಿಷ್ ಹೆಸರನ್ನೂ ಪುಟದಲ್ಲಿ ಸಹಜವಾಗಿ ಒಮ್ಮೆ ಸೇರಿಸಿ. "ಮೆಟಾ ಕೀವರ್ಡ್ಸ್‌ನಲ್ಲಿ ನೂರು ಪದ ತುಂಬಿಸ್ತೀವಿ" ಅಂತ ಯಾರಾದ್ರೂ ಅಂದ್ರೆ ನಕ್ಕು ಸುಮ್ಮನಾಗಿ. ಅದನ್ನ ರ‍್ಯಾಂಕಿಂಗ್‌ಗೆ ಬಳಸಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ವೇಗ ಮತ್ತು ಊರಿನ ಗಿರಾಕಿ

ಪೇಜ್‌ಸ್ಪೀಡ್ ಇನ್‌ಸೈಟ್ಸ್‌ಗೆ ಸೈಟ್ ವಿಳಾಸ ಹಾಕಿದ್ರೆ ಮೊಬೈಲ್‌ನಲ್ಲಿ ಎಷ್ಟು ನಿಧಾನ ಅಂತ ಹೇಳುತ್ತೆ. ಪುಟದ ಮುಖ್ಯ ಭಾಗ 2.5 ಸೆಕೆಂಡ್ ಒಳಗೆ ಕಂಡ್ರೆ ಒಳ್ಳೇದು ಅನ್ನೋದು ಅವರ ಅಳತೆ. 100ಕ್ಕೆ 100 ಅಂಕ ಬೇಕಂತ ಹಠ ಬೇಡ. ಸಣ್ಣ ಸೈಟ್‌ಗಳಲ್ಲಿ ಭಾರ ಹೆಚ್ಚಾಗಿ ಇರೋದು ಫೋಟೋಗಳಲ್ಲೇ. ಫೋನಲ್ಲಿ ತೆಗೆದ 4 ಎಂಬಿ ಚಿತ್ರವನ್ನ ಹಾಗೇ ಏರಿಸಬೇಡಿ. ಸ್ಕ್ವೂಶ್ ಅನ್ನೋ ಉಚಿತ ಸಾಧನದಲ್ಲಿ ಅಗಲ ಕಮ್ಮಿ ಮಾಡಿ, ವೆಬ್‌ಪಿ ರೂಪಕ್ಕೆ ಬದಲಾಯಿಸಿ.

ಗಿರಾಕಿ ನಿಮ್ಮ ಊರಿನವರೇ ಆಗಿದ್ರೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಮೊದಲು ಸರಿಮಾಡಿ. ಅದೂ ಉಚಿತ. ಫೋನ್ ನಂಬರ್, ರಜಾ ದಿನ, ಅಂಗಡಿಯ ನಿಜವಾದ ಫೋಟೋ ಇರಲಿ. ದುಡ್ಡು ಕೊಟ್ಟು ರಿವ್ಯೂ ಬರೆಸೋದು ನಿಯಮಕ್ಕೆ ವಿರುದ್ಧ, ಅಂಥ ರಿವ್ಯೂಗಳನ್ನ ಗೂಗಲ್ ತೆಗೆದುಹಾಕುತ್ತೆ.

ಕೀಲಿಕೈ ಯಾರ ಹತ್ರ?

ಇಷ್ಟೆಲ್ಲ ಮಾಡೋಕೆ ಸಮಯ ಇಲ್ಲ, ಯಾರಿಗಾದ್ರೂ ವಹಿಸ್ತೀನಿ ಅಂದ್ರೆ ಖಂಡಿತ ವಹಿಸಿ. ಆದ್ರೆ ಡೊಮೇನ್, ಸರ್ಚ್ ಕನ್ಸೋಲ್, ಬಿಸಿನೆಸ್ ಪ್ರೊಫೈಲ್ ಮೂರೂ ನಿಮ್ಮ ಇಮೇಲ್‌ನಲ್ಲೇ ಇರಲಿ, ಮಾಲೀಕರು ನೀವೇ ಆಗಿರಿ. ಕೆಲಸ ಮಾಡೋರನ್ನ ಬಳಕೆದಾರರಾಗಿ ಸೇರಿಸಿ. ಒಪ್ಪಂದ ಮುಗಿದ ದಿನ ತೆಗೆಯಿರಿ. ಡೊಮೇನ್ ಬೇರೆಯವರ ಹೆಸರಲ್ಲಿದ್ರೆ, ಜಗಳ ಆದ ದಿನ ನಿಮ್ಮ ಅಂಗಡಿಯ ಬೋರ್ಡೇ ಅವರ ಕೈಯಲ್ಲಿ ಇದ್ದಂಗೆ.

ಪ್ರತಿ ತಿಂಗಳ 1ನೇ ತಾರೀಖು ಅರ್ಧ ಗಂಟೆ ಇದಕ್ಕೆ ಇಡಿ. ಪಟ್ಟಿಗೆ ಸೇರಿದ ಪುಟ ಎಷ್ಟು, ಒಟ್ಟು ಕ್ಲಿಕ್ ಎಷ್ಟು, ಹೆಚ್ಚು ಕಾಣಿಸಿದ 5 ಹುಡುಕಾಟ ಯಾವುವು, ಆ ತಿಂಗಳು ನೀವು ಬದಲಾಯಿಸಿದ್ದೇನು, ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಕೆಲವು ಬದಲಾವಣೆಯ ಫಲ ದಿನಗಳಲ್ಲಿ ಕಾಣುತ್ತೆ, ಕೆಲವಕ್ಕೆ ತಿಂಗಳುಗಳೇ ಬೇಕು. ಮುಂದಿನ ಸಲ ಆ ಫೋನ್ ಬಂದಾಗ ಒಂದೇ ಪ್ರಶ್ನೆ ಕೇಳಿ: "ನಮ್ಮ ಯಾವ ಪುಟ, ಯಾವ ಹುಡುಕಾಟಕ್ಕೆ ಕಾಣ್ತಿಲ್ಲ?" ಉತ್ತರ ಬಂದ್ರೆ ಮಾತು ಮುಂದುವರಿಸಿ.