ಹಳೆಯ ವ್ಯಾನಿನ ಕೀಲಿಯೂ ಪಂಖೆಯೂ

ಹಳೆಯ ಗಾಡಿಯನ್ನು ಕೊಳ್ಳುವ ಗೃಹಸ್ಥರು ಮೊದಲು ನೋಡುವದು ಅದರ ಬಣ್ಣವನ್ನೂ ಗಾದಿಗಳನ್ನೂ. ನಾವೂ ಹಾಗೆಯೇ ಮಾಡಿದೆವು. ಮಲಗಲು ಮಡಿಚುವ ಮಣೆ, ಪಾತ್ರೆಗಳಿಗೊಂದು ಪೆಟ್ಟಿಗೆ, ಕಿಡಕಿಗಳಿಗೆ ಪರದೆ ಇಷ್ಟನ್ನು ಕೂಡಿಸಿ ಹಳೆಯ ವ್ಯಾನೊಂದನ್ನು ಸಂಚಾರದ ಮನೆಯನ್ನಾಗಿ ಮಾಡಿಕೊಂಡು, ಒಂದು ಆಷಾಢದಲ್ಲಿ ಹುಬ್ಬಳ್ಳಿಯಿಂದ ಅಂಕೋಲೆಗೆ ಹೊರಟೆವು. ಕಲಘಟಗಿಯನ್ನು ದಾಟುವವರೆಗೆ ಎಲ್ಲವೂ ಸುಖವಾಗಿತ್ತು. ಯಲ್ಲಾಪುರದ ಮುಂದೆ ಅರಬೈಲು ಘಟ್ಟವನ್ನು ಇಳಿಯುವಾಗ ಮಳೆ ಸುರಿಯಹತ್ತಿತು. ಐದು ಜನರ ಉಸಿರಿನಿಂದ ಎದುರಿನ ಗಾಜು ಒಳಗಿನಿಂದ ಮಬ್ಬಾಯಿತು. ಬಿಸಿಗಾಳಿಯ ಗುಂಡಿಯನ್ನು ತಿರುವಿದರೆ ಪಂಖೆ ಸದ್ದು ಮಾಡಲೇ ಇಲ್ಲ. ಗಾಡಿಯನ್ನು ಬದಿಗೆ ನಿಲ್ಲಿಸಿ ತಾಯಿಯವರನ್ನು ಇಳಿಸಬೇಕೆಂದರೆ, ಸರಿಯುವ ಬಾಗಿಲು ಒಳಗಿನಿಂದಲೂ ತೆರೆಯದು, ಹೊರಗಿನಿಂದಲೂ ತೆರೆಯದು. ಎಪ್ಪತ್ತು ದಾಟಿದ ಅವರು ಮುಂದಿನ ಆಸನವನ್ನು ಹತ್ತಿಳಿದು ಹೊರಬೀಳಬೇಕಾಯಿತು. “ಬೆಂಕಿ ಹತ್ತಿದ್ದರ ಏನ್ ಗತಿ ಆಗತಿತ್ತಪಾ?” ಎಂದು ಅವರು ಕೇಳಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಊರಿಗೆ ಮರಳಿದ ಮೇಲೆ ಗೋಕುಲ ರಸ್ತೆಯ ಮಿಸ್ತ್ರಿಯೊಬ್ಬರ ಬಳಿಗೆ ಹೋದೆನು. “ರಾಯರ, ಬಣ್ಣ ದೀಪಾವಳಿಗೂ ಹಚ್ಚಬಹುದರಿ, ಬಾಗಿಲಾ ಮಾತ್ರ ಇವತ್ತ ತೆರೀಬೇಕು” ಎಂದು ಅವರು ನಕ್ಕರು. ಆ ದಿನ ನಾನು ಕಲಿತದ್ದನ್ನು ವಾಚಕರ ಮುಂದಿಡುತ್ತೇನೆ.

ಬಾಗಿಲಿನ ಕೀಲಿಯು ಒಂದೇ ವಸ್ತುವಲ್ಲ. ಹಿಡಿಕೆ, ಅದರಿಂದ ಹೊರಟ ಸಣ್ಣ ಸರಳುಗಳು, ಅವುಗಳನ್ನು ಹಿಡಿದಿರುವ ಪ್ಲಾಸ್ಟಿಕ್ಕಿನ ಕ್ಲಿಪ್ಪುಗಳು, ಚೌಕಟ್ಟನ್ನು ಕಚ್ಚುವ ಕೊಂಡಿ ಇವೆಲ್ಲ ಕೂಡಿ ಕೆಲಸ ಮಾಡುತ್ತವೆ. ಹಿಡಿಕೆಯು ಸಡಿಲಾಗಿ ತೂಗಾಡಿದರೆ ಕ್ಲಿಪ್ಪು ಮುರಿದಿರುವ ಸಂಭವವೇ ಹೆಚ್ಚು. ಒಳಗಿನಿಂದ ಮಾತ್ರ ತೆರೆಯದಿದ್ದರೆ, ಬಾಗಿಲಿನ ಅಂಚಿನಲ್ಲಿರುವ ಮಕ್ಕಳ ಕೀಲಿಯನ್ನು ಮೊದಲು ನೋಡತಕ್ಕದ್ದು. ನಮ್ಮ ಗಾಡಿಯಲ್ಲಿ ಹಳೆಯ ಗ್ರೀಸು ದಾರಿಯ ಧೂಳಿನೊಡನೆ ಕಲೆತು ಅರಗಿನಂತೆ ಗಟ್ಟಿಯಾಗಿ, ಕೀಲಿಯ ಸರಳನ್ನು ಹಾಕಿದ ಸ್ಥಿತಿಯಲ್ಲಿಯೇ ಹಿಡಿದುಬಿಟ್ಟಿತ್ತು. ಮಿಸ್ತ್ರಿಯವರು ಬಾಗಿಲನ್ನು ಒಳಕ್ಕೆ ಒತ್ತಿಸಿ ಹಿಡಿದು ಹಿಡಿಕೆಯನ್ನು ಎಳೆದರು. ಕೊಂಡಿಯ ಮೇಲಿನ ಭಾರ ಇಳಿದು ಅದು ಬಿಟ್ಟಿತು. ಆಮೇಲೆ ಹಳೆಯ ಜಿಡ್ಡನ್ನು ತೊಳೆದು, ಕೊಂಡಿಗೆ ಹೊಸ ಗ್ರೀಸನ್ನು ತೆಳ್ಳಗೆ ಸವರಿದರು. ಕೀಲಿಕೈಯ ತೂತಿಗೆ ಮಾತ್ರ ಎಣ್ಣೆಯು ಸಲ್ಲದು. ಅದು ಧೂಳನ್ನು ಹಿಡಿಯುತ್ತದೆ. ಅಲ್ಲಿಗೆ ಒಣ ಗ್ರಾಫೈಟಿನ ಪುಡಿಯೇ ಒಳ್ಳೆಯದು.

ಇನ್ನು ಪಂಖೆಯ ಮಾತು. ನಮ್ಮ ಸೀಮೆಯಲ್ಲಿ ಬಿಸಿಗಾಳಿ ಯಾತಕ್ಕೆಂದು ಕೇಳುವವರುಂಟು. ಅದು ಮೈಗಿಂತ ಹೆಚ್ಚಾಗಿ ಕಣ್ಣಿಗೆ ಬೇಕು. ಉಸಿರಿನ ತೇವವು ತಣ್ಣನೆಯ ಗಾಜಿನ ಮೇಲೆ ಹನಿಯಾಗಿ ಕೂಡುವದರಿಂದ ಮಬ್ಬು ಉಂಟಾಗುತ್ತದೆ. ಬೆಚ್ಚನೆಯ ಗಾಳಿಯು ಆ ತೇವವನ್ನು ಹೀರಿಕೊಂಡು ಹೋಗುತ್ತದೆ. ಎಂಜಿನಿನ ಬಿಸಿನೀರು ಒಂದು ಸಣ್ಣ ರೇಡಿಯೇಟರಿನಲ್ಲಿ ಹರಿಯುತ್ತಿರಲು, ಪಂಖೆಯು ಅದರೊಳಗಿಂದ ಗಾಳಿಯನ್ನು ಗಾಜಿಗೆ ಊದುತ್ತದೆ.

ಪಂಖೆ ಪೂರ್ಣ ಸ್ತಬ್ಧವಾದರೆ ಫ್ಯೂಸು, ಗುಂಡಿ, ಗಾಡಿಯ ಮೈಗೆ ಕೂಡಿಸಿದ ಅರ್ಥಿಂಗ್ ತಂತಿ, ಕೊನೆಗೆ ಮೋಟಾರು ಎಂಬ ಕ್ರಮದಲ್ಲಿ ಪರೀಕ್ಷಿಸಬೇಕು. 12 ವೋಲ್ಟಿನ ಸಣ್ಣ ಬಲ್ಬಿಗೆ ಎರಡು ತಂತಿ ಕಟ್ಟಿದರೆ, ವಿದ್ಯುತ್ತು ಎಲ್ಲಿಯವರೆಗೆ ಬಂದಿದೆಯೆಂಬುದು ತಿಳಿಯುತ್ತದೆ. ಎಲ್ಲಕ್ಕೂ ಹೆಚ್ಚಿನ ವೇಗದಲ್ಲಿ ಮಾತ್ರ ಓಡಿ, ಕಡಿಮೆ ವೇಗಗಳಲ್ಲಿ ಓಡದಿದ್ದರೆ, ವೇಗವನ್ನು ತಗ್ಗಿಸುವ ರೆಸಿಸ್ಟರು ಸುಟ್ಟಿರುವದು ಬಹುಮಟ್ಟಿಗೆ ನಿಶ್ಚಯ. ನಮ್ಮದರಲ್ಲಿ ಇಲಿಯೊಂದು ಎಲೆ, ಅರಿವೆಗಳ ಚೂರು ಕೂಡಿಸಿ ಪಂಖೆಯ ಗೂಡಿನಲ್ಲಿಯೇ ಸಂಸಾರ ಹೂಡಿತ್ತು! ತಿರುಗಲಾರದ ಮೋಟಾರು ಹೆಚ್ಚಿನ ವಿದ್ಯುತ್ತನ್ನು ಎಳೆದು ಫ್ಯೂಸು ಹೋಗಿತ್ತು. ಗೂಡನ್ನು ತೆಗೆದು ಹೊಸ ಫ್ಯೂಸು ಹಾಕಿದೊಡನೆ ಗಾಳಿ ಬಂತು. ಕಾರಣವನ್ನು ಹುಡುಕದೆ ದಪ್ಪ ತಂತಿಯನ್ನೋ ದೊಡ್ಡ ಫ್ಯೂಸನ್ನೋ ಹಾಕಿದ್ದರೆ ತಂತಿಗಳೇ ಉರಿಯುತ್ತಿದ್ದವು.

ಕೆಲವನ್ನು ಮನೆಯಲ್ಲಿ ಮುಟ್ಟಲಾಗದು. ತಂತಿಗೆ ಕೈ ಹಚ್ಚುವ ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಬೇಕು. ಬಿಸಿಯಿರುವ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಗಾಜಿನ ಮೇಲೆ ಜಿಡ್ಡಿನ ಮಬ್ಬೂ ಸಿಹಿವಾಸನೆಯೂ ಕಂಡರೆ ಒಳಗಿನ ರೇಡಿಯೇಟರು ಸೋರುತ್ತಿದೆಯೆಂದು ತಿಳಿದು ಮಿಸ್ತ್ರಿಯನ್ನು ಕಾಣಬೇಕು. ಪಂಖೆ ಕೆಟ್ಟಿತೆಂದು ಚಳಿಗಾಗಿ ಮುಚ್ಚಿದ ವ್ಯಾನಿನಲ್ಲಿ ಒಲೆ ಹೊತ್ತಿಸುವದಂತೂ ಪ್ರಾಣಕ್ಕೇ ಸಂಚು. ಅದರ ವಿಷವಾಯುವಿಗೆ ವಾಸನೆಯೂ ಇಲ್ಲ.

ಈಗ ನಮ್ಮ ಮನೆಯಲ್ಲಿ ಒಂದು ನಿಯಮವಿದೆ. ಪ್ರವಾಸದ ಹಿಂದಿನ ದಿನ ಪ್ರತಿಯೊಂದು ಬಾಗಿಲನ್ನು ಒಳಗಿನಿಂದಲೂ ಹೊರಗಿನಿಂದಲೂ ತೆರೆದು ನೋಡುತ್ತೇವೆ. ಪಂಖೆಯನ್ನು ಎಲ್ಲ ವೇಗಗಳಲ್ಲಿ ಓಡಿಸುತ್ತೇವೆ. ಐದು ನಿಮಿಷದ ಕೆಲಸ. ತಾಯಿಯವರೇ ತಮ್ಮ ಕೈಯಿಂದ ಆ ಬಾಗಿಲನ್ನು ಎರಡು ಸಲ ಸರಿಸಿ ನೋಡಿದ ಹೊರತು ಬುತ್ತಿಯ ಗಂಟನ್ನು ಗಾಡಿಯಲ್ಲಿಡಗೊಡುವದಿಲ್ಲ. ಬಣ್ಣ ಮಾತ್ರ ಇನ್ನೂ ಹಚ್ಚಿಲ್ಲ.